ತಡವಾಗಿ ಸಾಯುವ ಮರಗಳು

ಗುಂಡ್ಲುಪೇಟೆ ದಾಟಿ ಊಟಿ ರಸ್ತೆ ಹಿಡಿದರೆ, ಹಂಗಳ ಬರುವಷ್ಟರಲ್ಲಿ ಬಲಗಡೆ ಹಿಮವದ್ ಗೋಪಾಲಸ್ವಾಮಿ ಬೆಟ್ಟ ಎದ್ದು ನಿಲ್ಲುತ್ತದೆ. ಮಾರ್ಚ್ ಕೊನೆಯ ವಾರ. ಹೆಸರಿನಲ್ಲೇ ಹಿಮ ಹೊತ್ತ ಬೆಟ್ಟದ ಮೇಲಿನ ಮಂಜು ಬೆಳಗಿನ ಎಂಟಕ್ಕೇ ಚದುರಿಹೋಗಿತ್ತು. ಹುಲ್ಲಿನ ಮೈಯೆಲ್ಲ ಹಳದಿ, ಮಡಿಕೆಗಳಲ್ಲಿ ಮಾತ್ರ ಶೋಲಾ ಕಾಡಿನ ಕಪ್ಪು ಹಸಿರು. ಟೀ ಅಂಗಡಿಯ ಬೆಂಚಿನಲ್ಲಿ ಕೂತಿದ್ದವರು ನಾನು ಬಂದ ಕಾರಣ ಕೇಳಿ ನಕ್ಕರು. "ಬರ ನೋಡಕ್ಕೆ ಬರದ ವರ್ಷ ಬರ್ಬೇಕು ಸಾ. ಈಗ ಕೆರೇಲಿ ನೀರದ, ಮಳೆ ಚೆನ್ನಾಗಾಗದ. ಈಗ ಯಾನ ನೋಡೀರಿ?"

ಕೇಳಿದ್ದರಲ್ಲಿ ತಪ್ಪಿರಲಿಲ್ಲ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಸರ್ಕಾರ ಘೋಷಿಸಿತ್ತು. ಆ ವರ್ಷದ ಆಗಸ್ಟ್ ದೇಶದ ಮಟ್ಟಿಗೆ 1901ರಿಂದೀಚೆಗಿನ ಆಗಸ್ಟ್‌ಗಳಲ್ಲೇ ಅತಿ ಕಡಿಮೆ ಮಳೆ ಕಂಡದ್ದು. ಮರುವರ್ಷದ ಬೇಸಿಗೆಯಲ್ಲಿ ಬಿರಿದ ಕೆರೆಯಂಗಳ, ಪಕ್ಕೆಲುಬು ಎದ್ದ ಆನೆ, ಟ್ಯಾಂಕರಿನ ಮುಂದೆ ಕೊಡಗಳ ಸಾಲು, ಈ ಚಿತ್ರಗಳಿಲ್ಲದ ದಿನಪತ್ರಿಕೆಯೇ ಇರಲಿಲ್ಲ. ಆಮೇಲೆ ಮುಂಗಾರು ಮರಳಿತು, ಬೆಳೆ ಬಂತು, ಪರಿಹಾರದ ಕಡತಗಳು ಮುಚ್ಚಿದವು. ಹೊಲದ ಬರ ಅಲ್ಲಿಗೆ ಮುಗಿಯಿತು. ಕಾಡಿನ ಬರಕ್ಕೆ ಬೇರೆಯದೇ ಪಂಚಾಂಗವಿದೆ, ಅದನ್ನು ನೋಡಲು ಮಳೆ ಬಂದ ಮೇಲೆಯೇ ಹೋಗಬೇಕು. ಟೀ ಕುಡಿದವರಿಗೆ ಇದನ್ನು ವಿವರಿಸುವ ಹೊತ್ತಿಗೆ ಜೀಪು ಬಂತು.

ಮೇಲುಕಾಮನಹಳ್ಳಿಯಲ್ಲಿ ಸಫಾರಿಯ ಬಸ್ಸುಗಳು ಸಾಲುಗಟ್ಟಿದ್ದವು. ಅಲ್ಲಿಂದ ಮುಂದೆ ಬಂಡೀಪುರ. 1973ರಲ್ಲಿ ಹುಲಿ ಯೋಜನೆ ಶುರುವಾದಾಗ ದೇಶದಲ್ಲಿ ಆಯ್ದ ಮೊದಲ ಒಂಬತ್ತು ಕಾಡುಗಳಲ್ಲಿ ಇದೂ ಒಂದು. ಹುಲಿಯ ಹೆಸರಲ್ಲಿ ಕಾಡು ಉಳಿಯಿತು, ನಿಜ. ಆದರೆ ಅದೇ ಹೆಸರಿನಿಂದಾಗಿ ಇಲ್ಲಿಗೆ ಬಂದವರೆಲ್ಲರ ಕಣ್ಣು ಮರದ ಬುಡದಲ್ಲಿ ಅಡಗಿರಬಹುದಾದ ಪಟ್ಟೆಯ ಮೇಲೆ, ಮರದ ನೆತ್ತಿಯ ಮೇಲಲ್ಲ. ನಾನು ಅನುಮತಿ ಪಡೆದು, ಗಾರ್ಡ್ ಒಬ್ಬರು ಮತ್ತು ಬೆಂಕಿ ಕಾವಲಿಗೆ ಹಾಕಿಕೊಂಡಿದ್ದ ಜೇನುಕುರುಬರ ವಾಚರ್ ಒಬ್ಬರ ಹಿಂದೆ ಬೆಂಕಿ ರೇಖೆಯ ಮೇಲೆ ನಡೆದೆ. ಬೆಂಕಿ ರೇಖೆ ಎಂದರೆ ಕಾಡಿನ ನಡುವೆ ಹುಲ್ಲು ಪೊದೆ ಸವರಿ, ಬೇಸಿಗೆ ಬರುವ ಮೊದಲೇ ಸುಟ್ಟು ಬೋಳು ಮಾಡಿಟ್ಟ ಪಟ್ಟಿ. ಒಂದು ಕಡೆ ಹತ್ತಿದ ಬೆಂಕಿ ಇನ್ನೊಂದು ಕಡೆಗೆ ದಾಟದಿರಲೆಂದು. ಕಾಲಿಟ್ಟಲ್ಲೆಲ್ಲ ಮಸಿ ಏಳುತ್ತಿತ್ತು.

ಎರಡೂ ಬದಿಯಲ್ಲಿ ತೇಗ, ದಿಂಡಿಗ, ಮತ್ತಿ, ಹೊನ್ನೆ, ತಡಸಲು. ಒಂದರಲ್ಲೂ ಎಲೆಯಿಲ್ಲ. ದಿಂಡಿಗದ ಬಿಳಿ ಕಾಂಡಗಳು ಬಿಸಿಲಿಗೆ ಕಣ್ಣು ಚುಚ್ಚುತ್ತಿದ್ದವು. ಹೊಸಬರು ಈ ಕಾಡನ್ನು ನೋಡಿ ಸತ್ತಿದೆ ಎಂದೇ ತಿಳಿಯುತ್ತಾರೆ, ಸಫಾರಿಗೆ ಬಂದು ಬೇಸರಪಟ್ಟು ಹೋಗುತ್ತಾರೆ. ವಾಚರ್ ಒಂದು ಎಳೆ ತೇಗದ ಸಿಪ್ಪೆಯನ್ನು ಉಗುರಲ್ಲಿ ಕೆರೆದು ತೋರಿಸಿದರು. ಒಳಗೆ ತೆಳ್ಳಗೆ ಹಸಿರು, ಬೆರಳಿಗೆ ತೇವ. "ಸತ್ತಿಲ್ಲ ಕನ ಸಾ. ಒಳಗ ಜೀವ ಅದ."

ಎಲೆ ಉದುರಿಸುವುದು ಈ ಕಾಡಿನ ಹಳೆಯ ವಿದ್ಯೆ. ಪಶ್ಚಿಮ ಘಟ್ಟ ಮತ್ತು ನೀಲಗಿರಿಗಳ ಮಳೆನೆರಳಿನಲ್ಲಿ ಕೂತ ಸೀಮೆ ಇದು. ವರ್ಷದಲ್ಲಿ ನಾಲ್ಕೈದು ತಿಂಗಳು ಒಣ ಇದ್ದೇ ಇರುತ್ತದೆ. ಕುಡಿಯಲು ನೀರಿಲ್ಲದಾಗ ಮರ ಖರ್ಚು ನಿಲ್ಲಿಸುತ್ತದೆ. ಎಲೆಯ ಅಡಿಯಲ್ಲಿ ಕಣ್ಣಿಗೆ ಕಾಣದ ಪತ್ರರಂಧ್ರಗಳಿವೆ. ಅವು ತೆರೆದರೆ ಗಾಳಿಯ ಇಂಗಾಲ ಒಳಗೆ ಬಂದು ಆಹಾರ ತಯಾರಾಗುತ್ತದೆ, ಅದೇ ದಾರಿಯಲ್ಲಿ ನೀರು ಆವಿಯಾಗಿ ಹೊರಗೆ ಹೋಗುತ್ತದೆ. ನೀರು ಉಳಿಸಲು ರಂಧ್ರ ಮುಚ್ಚಿದರೆ ಹಸಿವು, ಹೊಟ್ಟೆ ತುಂಬಿಸಲು ತೆರೆದರೆ ದಾಹ. ಎಲೆಯನ್ನೇ ಉದುರಿಸಿಬಿಟ್ಟ ಮರಕ್ಕೆ ಈ ಇಕ್ಕಟ್ಟಿಲ್ಲ. ಮುತ್ತುಗ ಬರಿಗೊಂಬೆಯಲ್ಲಿ ಕೆಂಪು ಹೂ ಬಿಟ್ಟು ನಿಂತಿರುವುದು ಇದೇ ಧೈರ್ಯದಿಂದ.

ಹಾಗಾದರೆ ಬರ ಈ ಮರಗಳನ್ನು ಏನು ಮಾಡೀತು ಎಂದು ಕೇಳಬಹುದು. ಕಷ್ಟವಿರುವುದು ಮಾರ್ಚಿನಲ್ಲಲ್ಲ, ಬರಬೇಕಾದ ಮಳೆ ಬಾರದ ಆಗಸ್ಟಿನಲ್ಲಿ. ಆಗ ಮೈತುಂಬ ಎಲೆ ಇರುತ್ತದೆ. ವರ್ಷದ ದುಡಿಮೆಯೆಲ್ಲ ಮಳೆಗಾಲದ ಆ ತಿಂಗಳುಗಳಲ್ಲೇ ಆಗಬೇಕು. ಅಂಥ ಹೊತ್ತಲ್ಲಿ ಮಣ್ಣು ಒಣಗಿದರೆ ಬೇರಿನಿಂದ ನೆತ್ತಿಯವರೆಗೆ ಕಾಂಡದೊಳಗಿನ ನಾಳಗಳಲ್ಲಿ ನೀರಿನ ಎಳೆ ಬಿಗಿಯಾಗುತ್ತ ಹೋಗಿ, ಕೊನೆಗೆ ಕಡಿಯುತ್ತದೆ. ಕಡಿದಲ್ಲಿ ಗಾಳಿಯ ಗುಳ್ಳೆ ಸೇರಿಕೊಂಡು ಆ ನಾಳ ಮುಚ್ಚಿಹೋಗುತ್ತದೆ. ಹಾಗೆ ಮುಚ್ಚಿದ ನಾಳಗಳು ಹೆಚ್ಚಾದಂತೆ ಮರ ಮೇಲಿನಿಂದ ಕೆಳಕ್ಕೆ ಒಣಗತೊಡಗುತ್ತದೆ. ಇದಕ್ಕೆ ಶಾಖ ಸೇರಿದರೆ ಪೆಟ್ಟು ಇಮ್ಮಡಿ. ಗಾಳಿ ಒಂದು ಡಿಗ್ರಿ ಹೆಚ್ಚು ಕಾದರೆ ಸುಮಾರು ಶೇ 7ರಷ್ಟು ಹೆಚ್ಚು ಆವಿಯನ್ನು ಹಿಡಿದುಕೊಳ್ಳಬಲ್ಲದು. ಅಂದರೆ ಕಾದ ಗಾಳಿ ಎಲೆಯಿಂದಲೂ ಮಣ್ಣಿನಿಂದಲೂ ಅಷ್ಟು ಹೆಚ್ಚು ನೀರು ಹೀರುತ್ತದೆ. ಹಾಗಾಗಿ ನಮ್ಮ ಅಜ್ಜಂದಿರ ಕಾಲದಲ್ಲಿ ಇಷ್ಟೇ ಮಳೆ ಕಡಿಮೆಯಾಗಿದ್ದ ವರ್ಷಕ್ಕೂ ಇಂದಿನ ವರ್ಷಕ್ಕೂ ಮಳೆಮಾಪಕದಲ್ಲಿ ವ್ಯತ್ಯಾಸ ಕಾಣದಿದ್ದರೂ ಮರದ ಮಟ್ಟಿಗೆ ಇವೆರಡೂ ಒಂದೇ ಬರವಲ್ಲ.

ಎಲೆಗೂ ಒಂದು ಮಿತಿ ಇದೆ. ಬಾಹ್ಯಾಕಾಶ ನಿಲ್ದಾಣದ ಉಪಕರಣದಿಂದ ಉಷ್ಣವಲಯದ ಕಾಡುಗಳ ನೆತ್ತಿಯ ಬಿಸಿ ಅಳೆದ ಒಂದು ಅಧ್ಯಯನ 2023ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂತು. ಅದರ ಪ್ರಕಾರ ಸರಾಸರಿ 46.7 ಡಿಗ್ರಿ ಸೆಲ್ಸಿಯಸ್ ಹತ್ತಿರ ಎಲೆಯ ಆಹಾರ ತಯಾರಿಕೆ ಕುಸಿದುಬೀಳುತ್ತದೆ. ಸದ್ಯಕ್ಕೆ 10,000 ಎಲೆಗಳಲ್ಲಿ ಒಂದರಷ್ಟು ಮಾತ್ರ ಆ ಗೆರೆ ಮುಟ್ಟುತ್ತಿವೆ. ಇಲ್ಲಿ ನೆನಪಿಡಬೇಕಾದ್ದು, ರಂಧ್ರ ಮುಚ್ಚಿಕೊಂಡ ಎಲೆ ಬೆವರುವುದಿಲ್ಲ, ಹಾಗಾಗಿ ಸುತ್ತಲಿನ ಗಾಳಿಗಿಂತ ಹಲವು ಡಿಗ್ರಿ ಹೆಚ್ಚು ಕಾಯುತ್ತದೆ. ಬಂಡೀಪುರದಲ್ಲಿ ಇದು ತಟ್ಟುವುದು ಬೋಳು ಮರಗಳಿಗಲ್ಲ. ಹಳ್ಳದ ಬದಿಯಲ್ಲಿ ವರ್ಷವಿಡೀ ಹಸಿರು ಹೊತ್ತ ಹೊಳೆಮತ್ತಿ, ನೇರಳೆ, ಹೊಂಗೆಗಳಿಗೆ. ರೇಖೆ ಒಂದು ಒಣಹಳ್ಳವನ್ನು ದಾಟುವಲ್ಲಿ ನಿಂತು ನೋಡಿದೆವು. ನೀರಿನ ಪಕ್ಕದಲ್ಲೇ ಹುಟ್ಟಿ, ನೀರು ಇದ್ದೇ ಇರುತ್ತದೆಂದು ನಂಬಿ ದೊಡ್ಡದಾದ ಹೊಳೆಮತ್ತಿಯೊಂದರ ಅರ್ಧ ನೆತ್ತಿ ಬರಲಾಗಿತ್ತು. ತುದಿಯ ಕೊಂಬೆಗಳ ಸಿಪ್ಪೆ ಕಳಚಿ ಬಿದ್ದಿತ್ತು. ಅದನ್ನು ಉಗುರಲ್ಲಿ ಕೆರೆದು ನೋಡುವ ಅಗತ್ಯವಿರಲಿಲ್ಲ.

"ಇದು ಬರದ ವರ್ಷ ಹಿಂಗಿರ್ಲಿಲ್ಲ" ಎಂದರು ವಾಚರ್. ಗಾರ್ಡ್ ತಲೆಯಾಡಿಸಿದರು. ಆ ವರ್ಷ ಎಲ್ಲರೂ ಕೆರೆ ನೋಡುತ್ತಿದ್ದರಂತೆ, ಮರ ಚೆನ್ನಾಗಿಯೇ ಇತ್ತಂತೆ.

ಈ ಮಾತಿಗೆ ಸಾಕ್ಷಿ ಗಡಿಯಾಚೆ ಇದೆ. ಇದೇ ರಸ್ತೆಯಲ್ಲಿ ಕೆಕ್ಕನಹಳ್ಳ ಚೆಕ್‌ಪೋಸ್ಟ್ ದಾಟಿದರೆ ತಮಿಳುನಾಡಿನ ಮುದುಮಲೈ. ಗೇಟು ಬೇರೆ, ಕಾಡು ಒಂದೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಮತ್ತು ಅವರ ಸಂಗಡಿಗರು 1988ರಲ್ಲಿ ಅಲ್ಲಿ 50 ಹೆಕ್ಟೇರಿನ ಒಂದು ತಾಕನ್ನು ಗುರುತು ಮಾಡಿಕೊಂಡರು. ಸುಕುಮಾರ್ ಎಂದರೆ ಜನರಿಗೆ ಆನೆಯೇ ನೆನಪಾಗುತ್ತದೆ, ಆದರೆ ಈ ಮರಗಳ ಲೆಕ್ಕ ಅವರ ಆನೆಯ ಕೆಲಸಕ್ಕಿಂತ ಕಡಿಮೆಯದಲ್ಲ ಎಂಬುದು ನನ್ನ ಅಭಿಪ್ರಾಯ. ಒಂದು ಸೆಂಟಿಮೀಟರಿಗಿಂತ ದಪ್ಪದ ಪ್ರತಿ ಕಾಂಡಕ್ಕೂ ನಂಬರಿನ ಬಿಲ್ಲೆ, ಪ್ರತಿ ವರ್ಷವೂ ತಪಾಸಣೆ. ಯಾವುದು ಬದುಕಿದೆ, ಯಾವುದು ಸತ್ತಿದೆ, ಸತ್ತದ್ದು ಆನೆಯಿಂದಲೋ ಬೆಂಕಿಯಿಂದಲೋ ಇನ್ಯಾವುದರಿಂದಲೋ, ಎಲ್ಲ ಬರೆದಿಡುವ ಪದ್ಧತಿ. ಎಚ್.ಎಸ್. ಸುರೇಶ್, ಎಚ್.ಎಸ್. ದತ್ತರಾಜ ಮತ್ತು ಸುಕುಮಾರ್ ಅವರು 19 ವರ್ಷಗಳ ಈ ದಾಖಲೆಯನ್ನು ಮಳೆಯ ಲೆಕ್ಕದ ಪಕ್ಕ ಇಟ್ಟು ನೋಡಿದಾಗ ಕಂಡದ್ದು ಇದು: ಸಣ್ಣ ಗಿಡಗಳು ಬೆಂಕಿಗೂ ಆನೆಗೂ ಸಿಕ್ಕಿ ಯಾವಾಗ ಬೇಕಾದರೂ ಸಾಯುತ್ತವೆ. ಮಳೆ ಕಡಿಮೆಯಾದದ್ದಕ್ಕೆ ದೊಡ್ಡ ಮರಗಳು ಸಾಯುವುದು ಮಾತ್ರ ಎರಡು ಮೂರು ವರ್ಷ ತಡವಾಗಿ.

ಯಾಕೆ ತಡ? ಅದೇ ತಾಕಿನಲ್ಲಿ ಕೆಲಸ ಮಾಡಿದ ರುತುಜಾ ಚಿತ್ರಾ-ತಾರಕ್ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಉತ್ತರ ಹುಡುಕಿತು. ಮರಗಳೆಲ್ಲ ಒಂದೇ ಆಳದಿಂದ ನೀರು ಕುಡಿಯುವುದಿಲ್ಲ. ಕೆಲವು ಜಾತಿಗಳು ಮೇಲಿನ ಮಣ್ಣಿನ ನೀರನ್ನೇ ನಂಬಿವೆ. ಅವಕ್ಕೆ ಒಂದು ವಾರ ಬಿಸಿಲಾದರೂ ಸಂಕಟ, ಒಂದು ಹದ ಮಳೆಗೆ ಚೇತರಿಕೆ. ಇನ್ನು ಕೆಲವು ಮಣ್ಣಿನ ತಳದ ಶಿಥಿಲ ಬಂಡೆಯ ಬಿರುಕುಗಳವರೆಗೆ ಬೇರು ಇಳಿಸಿವೆ. ಅಲ್ಲಿಗೆ ನೀರು ಇಳಿಯುವುದು ಭಾರಿ ಮಳೆಯ ವರ್ಷಗಳಲ್ಲಿ ಮಾತ್ರ. ಒಮ್ಮೆ ಇಳಿದದ್ದು ಹಲವು ವರ್ಷ ಬರುತ್ತದೆ. ಕಣಜದ ಮನೆಯವರಿಗೆ ಒಂದು ಬೆಳೆ ಕೈಕೊಟ್ಟದ್ದು ಹೇಗೆ ಗೊತ್ತಾಗುವುದಿಲ್ಲವೋ ಹಾಗೆ ಈ ಮರಗಳಿಗೂ ಒಂದು ವರ್ಷದ ಬರ ತಟ್ಟುವುದಿಲ್ಲ. ಬರ ವರ್ಷದ ಮೇಲೆ ವರ್ಷ ಮುಂದುವರಿದರೆ ಕಣಜದ ತಳ ಕಾಣುತ್ತದೆ. ಮೇಲೆ ಮಳೆ ಬಂದರೂ ಅದು ಅಷ್ಟು ಆಳಕ್ಕೆ ಬೇಗ ತಲುಪುವುದಿಲ್ಲ. 2000ದಿಂದ ಶುರುವಾದ ಬಹುವರ್ಷದ ಬರದಲ್ಲಿ ಮುದುಮಲೈಯಲ್ಲಿ ಹೆಚ್ಚು ಪೆಟ್ಟು ತಿಂದವು ಈ ಆಳಬೇರಿನವೇ. ಆಳಕ್ಕೆ ಬೇರು ಬಿಟ್ಟವನಿಗೆ ಭಯವಿಲ್ಲ ಎಂದು ನಾವು ಮನುಷ್ಯರಿಗೆ ಹೇಳುವ ಬುದ್ಧಿವಾದ ಮರಗಳ ಮಟ್ಟಿಗೆ ಅರ್ಧ ಮಾತ್ರ ನಿಜ.

ನಡೆಯುತ್ತ ನಾನು ಎಣಿಸಲು ಯತ್ನಿಸಿ ಬಿಟ್ಟುಬಿಟ್ಟೆ. ಮಾರ್ಚಿನಲ್ಲಿ ಸತ್ತ ಮರಕ್ಕೂ ಮಲಗಿದ ಮರಕ್ಕೂ ದೂರದಿಂದ ವ್ಯತ್ಯಾಸವೇ ಇಲ್ಲ. ವಾಚರಿಗೆ ಮಾತ್ರ ಗುರುತುಗಳಿವೆ. ಸತ್ತ ಮರದ ಸಣ್ಣ ಕಡ್ಡಿಗಳು ಗಾಳಿಗೆ ಮುರಿದು ಬಿದ್ದಿರುತ್ತವೆ, ಮಲಗಿದ್ದರಲ್ಲಿ ಕಡ್ಡಿ ಬಳುಕುತ್ತದೆ. ಸತ್ತದ್ದರ ಸಿಪ್ಪೆಯಡಿಯಲ್ಲಿ ಹುಳದ ಹುಡಿ. ಮರಕುಟಿಕ ಹೆಚ್ಚು ಹೊತ್ತು ನಿಂತು ಕುಟ್ಟುವ ಮರವನ್ನು ಸಂಶಯದಿಂದ ನೋಡಬೇಕು. ಅವರು ಹೀಗೆ ತೋರಿಸಿದವುಗಳಲ್ಲಿ ಎರಡು ಭಾರಿ ಮತ್ತಿ ಮರಗಳಿದ್ದವು.

ನೆಲ್ಲಿಕಾಯಿ ಮರವೊಂದರಲ್ಲಿ ಹಸಿರು ಕಂಡು ಖುಷಿಯಾಯಿತು. ಹತ್ತಿರ ಹೋದರೆ ಅದು ನೆಲ್ಲಿಯ ಹಸಿರಲ್ಲ, ಬಂದಳಿಕೆಯದು. ಪಕ್ಕದ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಇದನ್ನು ಉಪ್ಪಿಲು ಎನ್ನುತ್ತಾರೆ. ಬಂದಳಿಕೆ ತನ್ನ ಆಹಾರ ತಾನೇ ಮಾಡಿಕೊಂಡರೂ ನೀರನ್ನು ಮಾತ್ರ ಮರದ ನಾಳದಿಂದ ಎಳೆಯುತ್ತದೆ, ಬರಗಾಲದಲ್ಲಿ ಮರ ಬಾಯಿ ಮುಚ್ಚಿಕೊಂಡಾಗಲೂ ಎಳೆಯುವುದನ್ನು ಬಿಡುವುದಿಲ್ಲ. ಹಿಂದೆ ಬೇಸಿಗೆಯ ಮೊದಲಲ್ಲೇ ತರಗು ಬೆಂಕಿ ಹಾಕುತ್ತಿದ್ದೆವು, ಆ ಸಣ್ಣ ಬೆಂಕಿಯ ಕಾವಿಗೆ ಉಪ್ಪಿಲೂ ಹತೋಟಿಯಲ್ಲಿತ್ತು, ಲಂಟಾನವೂ ಹಬ್ಬುತ್ತಿರಲಿಲ್ಲ ಎಂಬುದು ಸೋಲಿಗರ ವಾದ. 1974ರಲ್ಲಿ ಆ ಬೆಟ್ಟ ಅಭಯಾರಣ್ಯವಾದ ಮೇಲೆ ತರಗು ಬೆಂಕಿ ನಿಂತಿತು. ಈ ವಾದವನ್ನು ಪರೀಕ್ಷಿಸಿ ನೋಡಿದ ವಿಜ್ಞಾನಿಗಳೂ ಇದ್ದಾರೆ, ಒಪ್ಪದ ಅಧಿಕಾರಿಗಳೂ ಇದ್ದಾರೆ. ನನಗನಿಸುವುದು, ಚಳಿ ಮುಗಿಯುವಾಗ ಹಸಿ ಇರುವಂತೆಯೇ ಹಾಕುವ ಮೊಣಕಾಲೆತ್ತರದ ಬೆಂಕಿಗೂ ಮಾರ್ಚಿನಲ್ಲಿ ತಲೆ ಮೀರಿ ಏಳುವ ಬೆಂಕಿಗೂ ಒಂದೇ ಕಾಯಿದೆ ಸಾಲದು.

ಈಗ ಲಂಟಾನ. ಇದರ ಬಗ್ಗೆ ಬರೆಯದೆ ಬಂಡೀಪುರದ ಬಗ್ಗೆ ಬರೆಯಲಾಗದು. 19ನೇ ಶತಮಾನದ ಆರಂಭದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಅಲಂಕಾರಕ್ಕೆಂದು ತಂದ ಅಮೆರಿಕ ಖಂಡದ ಪೊದೆ. ರೇಖೆಯ ಎಡಕ್ಕೆ ಅದು ಆಳೆತ್ತರಕ್ಕೂ ಮೀರಿ ಹೆಣೆದುಕೊಂಡಿತ್ತು, ಒಳಗೆ ಕೈ ಹಾಕಲಾಗದಷ್ಟು. ಮೊದಲು ಹುಲ್ಲಿದ್ದ ಕಾಡಿನಲ್ಲಿ ಬೆಂಕಿ ನೆಲದ ಮೇಲೆ ಬೇಗ ಓಡಿಹೋಗುತ್ತಿತ್ತು, ಮರದ ದಪ್ಪ ಸಿಪ್ಪೆ ತಡೆದುಕೊಳ್ಳುತ್ತಿತ್ತು. ಲಂಟಾನ ಅದೇ ಬೆಂಕಿಯನ್ನು ಎತ್ತಿ ಕೊಂಬೆಗೆ ಕೊಡುತ್ತದೆ. 2010ರ ಆಸುಪಾಸಿನ ವರ್ಷಗಳಲ್ಲಿ ಈ ಸೀಮೆಯ ಬಿದಿರು ಹಿಂಡುಹಿಂಡಾಗಿ ಹೂ ಬಿಟ್ಟು ಸತ್ತಿತು. ಮೆಳೆಗಳ ಒಣ ರಾಶಿ ಉಳಿಯಿತು, ಬಿಸಿಲು ಬಿದ್ದ ಆ ಖಾಲಿ ಜಾಗಕ್ಕೂ ಲಂಟಾನ ನುಗ್ಗಿತು. ಬರದಲ್ಲಿ ಸಾಯುವ ಒಂದೊಂದು ದೊಡ್ಡ ಮರವೂ ಹೀಗೇ ಮೇಲಿನ ನೆರಳನ್ನು ಹರಿದು ಕೆಳಗಿನ ಪೊದೆಗೆ ಬಿಸಿಲಿನ ಬಾಗಿಲು ತೆಗೆಯುತ್ತದೆ.

ಇದೆಲ್ಲ ಕೂಡಿದಾಗ ಏನಾಗುತ್ತದೆಂಬುದನ್ನು 2019ರ ಫೆಬ್ರವರಿಯಲ್ಲಿ ರಾಜ್ಯವೇ ಕಂಡಿತು. ಅದರ ಹಿಂದಿನ ಮುಂಗಾರಿನಲ್ಲಿ ಕಬಿನಿ ಸೀಮೆಗೆ ಮಳೆ ಧಾರಾಳವಾಗಿತ್ತು, ಹುಲ್ಲೂ ಪೊದೆಯೂ ಹುಲುಸಾಗಿ ಎದ್ದಿದ್ದವು. ಬೇಸಿಗೆ ಅವನ್ನೆಲ್ಲ ಒಣಗಿಸಿತು. 21ರಿಂದ ಐದು ದಿನ ಗೋಪಾಲಸ್ವಾಮಿ ಬೆಟ್ಟದ ಸುತ್ತ ಬೆಂಕಿ ಓಡಾಡಿ, 10 ಸಾವಿರ ಎಕರೆಗೂ ಹೆಚ್ಚು ಕಾಡು ಸುಟ್ಟಿತು. ಕೊನೆಗೆ ವಾಯುಪಡೆಯ ಹೆಲಿಕಾಪ್ಟರುಗಳು ನೀರು ಸುರಿಯಬೇಕಾಯಿತು. ಕೆಳಗೆ ಸೊಪ್ಪಿನ ಕೊಂಬೆ ಹಿಡಿದು ಬೆಂಕಿ ಬಡಿದವರಲ್ಲಿ ಈ ವಾಚರೂ ಒಬ್ಬರು. ಅದಕ್ಕೆ ಎರಡು ವರ್ಷ ಮೊದಲು, 2017ರ ಬರದ ಬೇಸಿಗೆಯಲ್ಲಿ, ಕಲ್ಕೆರೆ ವಲಯದಲ್ಲಿ ಬೆಂಕಿ ಆರಿಸಲು ಹೋದ ಯುವ ಅರಣ್ಯ ರಕ್ಷಕರೊಬ್ಬರು ಜೀವ ಕಳೆದುಕೊಂಡಿದ್ದರು. ಇಲ್ಲಿನ ಬೆಂಕಿ ಸಿಡಿಲಿನದ್ದಲ್ಲ. ಈ ಸೀಮೆಯಲ್ಲಿ ಸಿಡಿಲು ಬರುವುದು ಮಳೆಯ ಜೊತೆಗೆ. ಕಡ್ಡಿ ಗೀರುವುದು ಮನುಷ್ಯನೇ, ಬರ ಮತ್ತು ಬಿಸಿಲು ಮಾಡುವುದು ಗೀರಿದ ಕಡ್ಡಿ ವ್ಯರ್ಥವಾಗದಂತೆ ನೋಡಿಕೊಳ್ಳುವ ಕೆಲಸ. ಒಣಗಿದ ಆನೆ ಲದ್ದಿಯೊಳಗೆ ಕೂತ ಕಿಡಿ ಗಂಟೆಗಟ್ಟಲೆ ಹೊಗೆಯಾಡಿ, ಎಲ್ಲರೂ ಮನೆಗೆ ಹೋದ ಮೇಲೆ ಗಾಳಿಗೆ ಉರಿಯಾಗುವುದನ್ನು ವಾಚರ್, ಗಾರ್ಡ್ ಇಬ್ಬರೂ ನೋಡಿದ್ದಾರೆ.

ಬೆಂಕಿ ಹೋದಲ್ಲಿ ಏನು ಉಳಿದಿದೆ ಎಂದು ಬಗ್ಗಿ ನೋಡಿದೆ. ಮೊಣಕಾಲೆತ್ತರದ ತೇಗ, ಬೂದಿಯ ನಡುವಿನಿಂದ ಎದ್ದ ಬೀಟೆ ಚಿಗುರು. ಇವನ್ನು ಸಸಿ ಎನ್ನುವಂತಿಲ್ಲ. ಮೇಲಿನ ಕಾಂಡ ಈ ವರ್ಷದ್ದು, ಕೆಳಗಿನ ಬೇರುಗಡ್ಡೆಗೆ ನಮ್ಮ ಮಕ್ಕಳಿಗಿಂತ ಹೆಚ್ಚು ವಯಸ್ಸಾಗಿರಬಹುದು. ಸುಟ್ಟಾಗಲೆಲ್ಲ ಬುಡದಿಂದ ಎದ್ದು, ಮತ್ತೆ ಸುಟ್ಟು, ಮತ್ತೆ ಎದ್ದವು. ಬೆಂಕಿಯ ನಾಲಗೆಗೆ ಸಿಗದಷ್ಟು ಎತ್ತರಕ್ಕೆ ಬೆಳೆಯಲು ಅವಕ್ಕೆ ಬೇಕಾದ್ದು ಬೆಂಕಿಯಿಲ್ಲದ ಕೆಲವು ವರ್ಷ, ಜೊತೆಗೆ ಮಳೆ. ಬರದ ವರ್ಷಗಳು ಒತ್ತೊತ್ತಾಗಿ ಬಂದರೆ ಆ ಬಿಡುವೇ ಸಿಗುವುದಿಲ್ಲ. ಮೇಲೆ ಮುದುಕರು ತಡವಾಗಿ ಸಾಯುತ್ತ, ಕೆಳಗೆ ಮಕ್ಕಳು ಮೊಣಕಾಲೆತ್ತರದಲ್ಲೇ ನಿಂತ ಕಾಡು ನಕ್ಷೆಯಲ್ಲಿ ಹಸಿರಾಗಿಯೇ ಕಾಣುತ್ತದೆ, ಲಂಟಾನವೂ ಉಪಗ್ರಹದ ಕಣ್ಣಿಗೆ ಹಸಿರೇ.

ರೇಖೆ ಮುಗಿಯುವಲ್ಲಿ ಒಂದು ಕೆರೆ. ಪಕ್ಕದಲ್ಲಿ ಸೋಲಾರ್ ಹಲಗೆಗಳು, ಆನೆ ಕೀಳದಂತೆ ಸುತ್ತ ಕಂದಕ, ಕೊಳವೆಯಿಂದ ಸಣ್ಣಗೆ ಬೀಳುತ್ತಿದ್ದ ನೀರು. ಬರದ ಬೇಸಿಗೆಗಳಲ್ಲಿ ಪ್ರಾಣಿಗಳಿಗೆಂದು ಇಲಾಖೆ ಮಾಡಿದ ಏರ್ಪಾಡು. ಇದನ್ನು ಸುಮ್ಮನೆ ಹಳಿಯುವುದು ಸುಲಭ, ಬಾಯಾರಿದ ಜಿಂಕೆಯ ಮುಂದೆ ನಿಂತವರಿಗೆ ಅಷ್ಟು ಸುಲಭವಲ್ಲ. ಆದರೆ ಕೆರೆಯ ಸುತ್ತ ಒಂದು ಸುತ್ತು ಹಾಕಿದಾಗ ಬೇರೆಯದೇ ಲೆಕ್ಕ ಸಿಕ್ಕಿತು. ನೀರು ಇದ್ದಲ್ಲಿ ಆನೆಗಳು ಬೇಸಿಗೆಯುದ್ದಕ್ಕೂ ಬೀಡುಬಿಡುತ್ತವೆ, ಹುಲ್ಲಿಲ್ಲದಾಗ ತೊಗಟೆ ಸುಲಿದು ತಿನ್ನುತ್ತವೆ. ಸುತ್ತಳತೆಯಲ್ಲಿ ಉಂಗುರದಂತೆ ಸಿಪ್ಪೆ ಕಳೆದುಕೊಂಡ ತೇಗಗಳು ಕೆರೆಯ ಸುತ್ತ ನಿಂತಿದ್ದವು. ಉಂಗುರ ಪೂರ್ತಿಯಾದರೆ ಎಲೆಯ ಆಹಾರ ಬೇರಿಗೆ ಇಳಿಯುವುದಿಲ್ಲ, ಅಂಥ ಮರವೂ ಕೂಡಲೇ ಸಾಯದು. ಅದರ ಸಾವೂ ಮುಂದಿನ ವರ್ಷಗಳ ಲೆಕ್ಕಕ್ಕೇ ಬರುತ್ತದೆ. ಬಂಡೆಯ ಬಿರುಕಿನ ನೀರನ್ನು ಮೇಲೆತ್ತಿ ಆನೆಗೆ ಕುಡಿಸುವಾಗ, ಅದೇ ಬಿರುಕಿಗೆ ಬೇರು ಇಳಿಸಿ ನಿಂತ ಮತ್ತಿಯನ್ನು ಲೆಕ್ಕಕ್ಕೆ ಹಿಡಿದವರು ಯಾರೂ ಇರಲಾರರು. ಒಂದು ಕೆರೆಗೆ ಎತ್ತುವ ನೀರು ಎಷ್ಟು ಮಹಾ ಎನ್ನಬಹುದು, ಒಪ್ಪುತ್ತೇನೆ. ಕಾಡಂಚಿನ ಹೊಲಗಳ ಸಾಲುಸಾಲು ಬೋರ್‌ವೆಲ್‌ಗಳ ಬಗ್ಗೆ ಅದೇ ಮಾತು ಹೇಳಲಾರೆ.

ಹುಲಿಗಳನ್ನು ನಾಲ್ಕು ವರ್ಷಕ್ಕೊಮ್ಮೆ ಎಣಿಸುತ್ತೇವೆ, ಸಂಖ್ಯೆ ಬಂದ ದಿನ ದೊಡ್ಡ ಸುದ್ದಿ. ಮುದುಮಲೈಯಂಥ ಮರದ ಲೆಕ್ಕ ದಶಕಗಟ್ಟಲೆ ಇಟ್ಟ ತಾಣಗಳು ದೇಶದಲ್ಲಿ ಬೆರಳೆಣಿಕೆಯಷ್ಟು. ಉಳಿದ ಕಡೆ ಯಾವ ಬರಕ್ಕೆ ಎಷ್ಟು ಮರ ಹೋಯಿತೆಂಬುದು ಯಾವ ಕಡತಕ್ಕೂ ಬರುವುದಿಲ್ಲ. ಇದಕ್ಕೆ ಉಪಗ್ರಹ ಬೇಕಿಲ್ಲ. ಮಳೆ ಬಿದ್ದು ಕಾಡೆಲ್ಲ ಚಿಗುರಿದ ಜೂನ್ ತಿಂಗಳಲ್ಲಿ ಒಂದೊಂದು ಗಸ್ತಿನ ಬೀಟಿನಲ್ಲಿ ಒಂದು ದಾರಿ ನಡೆದು, ಚಿಗುರದೆ ನಿಂತ ದೊಡ್ಡ ಮರಗಳನ್ನು ಜಾತಿ ಸಹಿತ ಬರೆದುಕೊಂಡರೆ ಸಾಕು. ಹತ್ತು ವರ್ಷ ಬಿಡದೆ ಬರೆದರೆ ಅದೇ ಒಂದು ಇತಿಹಾಸ. ಮರದ ಹೆಸರು ಬಲ್ಲವರು, ಹಿಂದಿನ ವರ್ಷ ಅದು ಹೇಗಿತ್ತೆಂದು ನೆನಪಿರುವವರು ಇಲಾಖೆಯಲ್ಲೇ ಇದ್ದಾರೆ.

ಇದನ್ನೇ ವಾಪಸು ಬರುವಾಗ ವಾಚರಿಗೆ ಹೇಳಿ, ಆ ಎರಡು ಮತ್ತಿ ಮರಗಳನ್ನು ಜೂನಿನಲ್ಲಿ ನೋಡಿ ಹೇಳುತ್ತೀರಾ ಎಂದು ಕೇಳಿದೆ. ಬೆಂಕಿ ಕಾವಲಿನ ಕೆಲಸ ಮಳೆ ಬರುವವರೆಗೆ ಮಾತ್ರ ಎಂದರು. ಎರಡು ಮಳೆ ಹುಯ್ದರೆ ಹಾಜರಿ ಪುಸ್ತಕ ಮುಚ್ಚುತ್ತದೆ. "ಜೂನಲ್ಲಿ ನಾವು ಕೊಡಗಲ್ಲಿರ್ತೀವಿ ಸಾ, ಕಾಫಿ ತೋಟಕ್ಕೆ. ಗೊಬ್ರ ಹಾಕಕ್ಕೆ ಕರೀತರ." ಗಾರ್ಡ್ ತಾವು ನೋಡುವುದಾಗಿ ಹೇಳಿದರು, ವರ್ಗವಾಗದಿದ್ದರೆ.